ಕರಿ ಪುಡಿ ಮತ್ತು ತಂಗಿಯ ಲಗ್ನ

ನಮ್ಮ ಮನ್ಯಾಗ ಇಂಥಾವು ಒಂದಿಲ್ಲ ಒಂದು ನಡಕೋತ ಇರತಾವು. "ತಾವಾಗೇ ನಡಿಯೂದಿಲ್ಲರಿ, ನೀವು ನಡಸ್ತೀರಿ" ಅಂತಾಳ ನನ್ನ ಹೆಂಡತಿ. ಇರಲಿ.

ಎಪ್ಪತ್ತರ ದಶಕದಾಗ ನಾ ಮುನವಳ್ಳಿ ಹತ್ತಿರದ ಒಂದು ಹಳ್ಳಿ ಸಾಲಿಗೆ ಮಾಸ್ತರ ಇದ್ದೆ. ಸಕ್ಕರಿ ರೇಷನ್ ಕಾರ್ಡಿನ ಮ್ಯಾಲೆ, ಚಿಮಣಿ ಎಣ್ಣಿಗೆ ಪಾಳಿ. ಒಂದು ದಿನ ನನಗ ಹುಚ್ಚು ಹತ್ತೇಬಿಟ್ಟಿತು: ಅಂಗಡಿಯಿಂದ ಉಪ್ಪು, ಕಡ್ಡಿಪೆಟ್ಟಿಗಿ ಬಿಟ್ಟು ಏನೂ ತರಬಾರದು! ಉಳಿದದ್ದೆಲ್ಲಾ ಮನ್ಯಾಗ ಮಾಡೂದು, ಇಲ್ಲಾ ಹೊಲ-ಅಡವಿಯಿಂದ ಆರಿಸಿಕೊಂಡು ಬರೂದು. ಅಬಬಬ, ಏನು ಹುರುಪು ಆವಾಗ! ಸೀಗಿಕಾಯಿ ಕುಟ್ಟಿದೆ. ಅಂಟವಾಳಕಾಯಿ ನೆನಸಿ ಅರಿವಿ ಒಗದೆ. ಔಡಲೆಣ್ಣಿ ದೀಪದ ಮ್ಯಾಲೆ ತಾಟು ಬೋರಲ ಹಾಕಿ ಕಾಡಿಗಿ ಹಿಡದೆ. ಬಂದವರಿಗೆಲ್ಲಾ ಚಹಾದ ಬದಲಿ ತುಳಸಿ ಕಷಾಯ ಕುಡಿಸಿದೆ. ಎರಡನೇ ಸಲ ಯಾರೂ ಬರಲಿಲ್ಲ ಅನ್ನೂದು ಬ್ಯಾರೆ ಮಾತು.

ಅಡಚಣಿ ಒಂದೇ. ಮನ್ಯಾಗ ಲಗ್ನಕ್ಕ ಬಂದ ತಂಗಿ ಇದ್ದಳು. ಅಪ್ಪ-ಅವ್ವ ಇಲ್ಲದ ಹುಡುಗಿ, ಅಕಿ ಜವಾಬ್ದಾರಿ ನನ್ನದು. ಕನ್ಯಾ ನೋಡಾಕ ಬಂದವರು ಅಕಿನ್ನ ನೋಡೂಕಿಂತ ಮೊದಲು ನನ್ನ ಹುಚ್ಚು ನೋಡತಿದ್ದರು.

೧. ಬೈಲಹೊಂಗಲದ ಹಲ್ಲು

ಮೊದಲು ಬಂದವರು ಬೈಲಹೊಂಗಲದ ವರನ ಸೋದರಮಾವ. ಹಿಂದಿನ ದಿನಾನೇ ಬಂದು ವಸ್ತಿ ಇದ್ದರು. ಮುಂಜಾನೆ ಎದ್ದು, "ಮಾಸ್ತರ, ಹಲ್ಲು ತಿಕ್ಕಾಕ ಏನರೆ ಕೊಡ್ರಿ" ಅಂದರು.

ನನ್ನ ಹತ್ತಿರ ಎರಡು ಡಬ್ಬಿ ಇದ್ದವು. ಒಂದರಾಗ ಇದ್ದಲಿ, ಉಪ್ಪು, ಬೇವಿನ ತೊಗಟಿ ಕುಟ್ಟಿದ ಹಲ್ಲುಪುಡಿ. ಇನ್ನೊಂದರಾಗ ಖಡುಲೆ ಬರಿಯೂ ಸಾಲಿ ಬೋರ್ಡಿಗೆ ಬಳಿಯೂ ಮಸಿ. ಅದೂ ನನ್ನ ಕೈಲೆ ಮಾಡಿದ್ದೇ. ಇದ್ದಲಿ ಪುಡಿಗೆ ಜಾಲಿ ಗಿಡದ ಅಂಟು ಒಣಗಿಸಿ ಕುಟ್ಟಿ ಹಾಕಿದ್ದೆ. ನೀರು ಬಿತ್ತಂದರ ಹಿಡಕೊಂತು, ಮಳಿಗಾಲಕ್ಕೂ ಜಗ್ಗೂದಿಲ್ಲ! ಎರಡೂ ಡಬ್ಬಿ ಒಂದೇ ನಮೂನಿ, ಪುಡಿನೂ ಒಂದೇ ಬಣ್ಣ. ನಾ ಹುರುಪಿನಾಗ ಯಾವುದು ಕೊಟ್ಟೆ ಅಂತ ನಿಮಗ ಗೊತ್ತಾತಲ್ಲ.

ಮಾವನವರು ಬಾಯಿ ಮುಕ್ಕಳಿಸಿದರು, ತಿಕ್ಕಿದರು, ಮತ್ತ ಮುಕ್ಕಳಿಸಿದರು. ಒಂದು ಕೊಡ ನೀರು ಖಾಲಿ ಆತು. ಹಲ್ಲು ಮಿಣಮಿಣ ಕರ್ರಗ. ಗಾಬರಿಯಾಗಿ ನಾ ಖರೇ ಹೇಳಿಬಿಟ್ಟೆ. ಅವರು ಕನ್ನಡಿ ಕೆಳಗಿಟ್ಟು, ಚೀಲ ಹೆಗಲಿಗೆ ಹಾಕ್ಕೊಂಡು ಬಾಗಿಲದಾಗ ನಿಂತರು.

"ಮಾಸ್ತರ, ಖಡು ತಗೊಂಡು ಬರ್ರಿ. ಹುಡುಗಿ ನಮಗ ಬ್ಯಾಡ ಅಂತ ಹಲ್ಲಿನ ಮ್ಯಾಲೆ ಬರದು ಹೋಗತೇನಿ."

ಅವತ್ತೇ ನನ್ನ ಹೆಂಡತಿ ಹಲ್ಲುಪುಡಿ ಡಬ್ಬಿ ಮುಚ್ಚಳಕ್ಕ ಕೆಂಪು ದಾರ ಕಟ್ಟಿದಳು.

೨. ಶಿಸ್ತಿನ ಪಲ್ಯ

ಮುಂದ ಕಿತ್ತೂರಿನ ಸಂಬಂಧ. ವರನ ತಂದಿ ಊಟಕ್ಕ ಬರೂದಿತ್ತು. ಅಡವಿ ಪಲ್ಯಾನೇ ಉಣಿಸಬೇಕಂತ ನಾ ನಸುಕಿನ್ಯಾಗ ಎರಿ ಹೊಲಕ್ಕ ಹೋದೆ. ಏನು ಪಲ್ಯ ಅಂತೀರಿ! ಎಳೀ ಎಳೀ ತಪ್ಪಲ, ಹಸರ ಹಸರ, ಅದೂ ಸಾಲಾಗಿ! "ನಿಸರ್ಗದಾಗ ಎಷ್ಟು ಶಿಸ್ತು ಐತಿ ನೋಡು" ಅಂತ ನನಗ ನಾನೇ ಹೇಳಿಕೋತ ಟವೆಲ್ ತುಂಬ ಕಿತ್ತೆ.

ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. "ಯಪ್ಪಾ ಮಾಸ್ತರ! ಅದು ನಾ ಬಿತ್ತಿದ ಕುಸುಬಿ!"

ತಪ್ಪಾತು ಅಂತ ಬೇಡಿಕೊಂಡೆ, ಕಾಲು ಹಿಡಿಯೂದೊಂದು ಬಾಕಿ. ಮುದುಕಿ ಕೇಳಲಿಲ್ಲ. "ಬೆಳೀ ಕಿತ್ತೀರಿ, ಇನ್ನ ಕಸಾನೂ ಕಿತ್ತು ಹೋಗ್ರಿ" ಅಂತ ಕೈಯಾಗ ಕುರ್ಪಿ ಕೊಟ್ಟಳು. ಟವೆಲ್ ಝಾಡಿಸಿ ತಲಿಗೆ ಸುತ್ತಿಕೊಂಡು ಕುಂತೆ. ಬಿಸಲು ಏರಿತು. ಅಷ್ಟರಾಗ ದಾರಿಯಿಂದ ಒಬ್ಬ ಧೋತರದ ಹಿರೇರು ಕೇಳಿದರು. "ಏ ತಮ್ಮಾ, ಮಾಸ್ತರ ಮನಿ ಎಲ್ಲಿ ಬರತೈತಿ?"

ಕಿತ್ತೂರಿನವರು! ನಾ ತಲಿ ಎತ್ತಲಿಲ್ಲ. "ಗುಡಿ ಹಿಂದ ಐತ್ರಿ. ಆದರ ಮಾಸ್ತರು ಮನ್ಯಾಗ ಇಲ್ಲರಿ."

"ಮತ್ತ ಎಲ್ಲಿ ಹೋಗ್ಯಾರ?"

ನಾ ಬಾಯಿ ತೆರಿಯೂದ್ರಾಗ ಮುದುಕಿ ಅಂದಳು, "ಇಲ್ಲೇ ಅದಾರಲ್ಲರಿ! ನನ್ನ ಕುಸುಬಿ ಕದ್ದು ಸಿಕ್ಕಬಿದ್ದಾರ. ಇನ್ನೂ ನಾಕು ಸಾಲು ಬಾಕಿ ಐತಿ, ಆಮ್ಯಾಲೆ ಕಳಸತೇನಿ."

೩. ರಾಮದುರ್ಗದವರು

ಮೂರನೇ ಸಂಬಂಧ ರಾಮದುರ್ಗದ್ದು. ವರ ದವಾಖಾನಿಯೊಳಗ ಕಂಪೌಂಡರ್. ಸವದತ್ತಿ ಗೆಳತಿ ಲಗ್ನದಾಗ ತಂಗಿ ಅವನ್ನ ನೋಡಿದ್ದಳು, ಮನಸ್ಸಿಗೂ ಬಂದಿದ್ದ. ಅವರು ಬರೂ ಹಿಂದಿನ ದಿನ ಅಕಿ ನನ್ನ ಮುಂದ ಕುಂತು ಅತ್ತುಬಿಟ್ಟಳು. "ಅಣ್ಣಾ, ನಿನ್ನ ಕಾಲಿಗೆ ಬೀಳತೇನಿ. ಇದೊಂದು ದಿನ ಏನೂ ಮಾಡಬ್ಯಾಡ."

ಅಕಿ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡಿದೆ. ಆವತ್ತೇ ಅಂಗಡಿಗೆ ಹೋಗಿ ವಾಸನಿ ಸಾಬೂನು, ಬಿಳೀ ಹಲ್ಲುಪುಡಿ, ಚಹಾಪುಡಿ, ಬಿಸ್ಕೀಟು ತಂದೆ. ಅಂಗಡಿಯವನು ಕಣ್ಣು ತಿಕ್ಕಿ ತಿಕ್ಕಿ ನನ್ನ ನೋಡಿದ. ಹೆಂಡತಿ ನನ್ನ ಡಬ್ಬಿ-ಡುಬ್ಬಿಗಳ ಮುಚ್ಚಳ ಎಲ್ಲಾ ತಗದು ತೊಳದು ಒರಸಿ, ಮತ್ತ ಹಾಕಿ ಪಲ್ಲಂಗದ ಕೆಳಗ ಬಚ್ಚಿಟ್ಟಳು.

ವರ ಬಂದ, ಸಂಗಾಟ ಅವನ ಅವ್ವ. ಗಟ್ಟಿ ಹೆಣಮಗಳು. ವರ ಪಾಪ, ನೆಲಾ ನೋಡಿಕೋತ ಕುಂತಾಂವ ತುಟಿ ಬಿಚ್ಚಲಿಲ್ಲ. ಅವ್ವ ಕೈಕಾಲು ತೊಳಿಯಾಕ ಬಚ್ಚಲಕ್ಕ ಹೋದಾಕಿ ಹೊರಗ ಬಂದಾಗ ಮಾರಿ ಗಂಟು. ಬಿಸ್ಕೀಟಿನ ತಾಟು ನೋಡಿ ಇನ್ನೊಂದು ಗಂಟು.

"ಸಾಬೂನು ಅಂಗಡಿದು, ಹಲ್ಲುಪುಡಿ ಅಂಗಡಿದು, ತಿನ್ನಾಕೂ ಅಂಗಡಿದು! ನಮ್ಮ ಮನಿಗೆ ಇಂಥಾ ಹುಡುಗಿ ನಡಿಯೂದಿಲ್ಲರಿ. ನಾವು ಎಲ್ಲಾ ಮನ್ಯಾಗ ಮಾಡೂ ಮಂದಿ. ಏಳೋ ಮಗನ, ಬಸ್ಸಿಗೆ ಹೊತ್ತಾತು."

ನಾ ದಂಗಾದೆ! ಜಲ್ಮದಾಗ ಒಂದು ದಿನ ಅಂಗಡಿಗೆ ಹೋದೆ, ಅವತ್ತೇ ಇಂಥಾ ಬೀಗತಿ ಸಿಗಬೇಕ? ಬಾಯಿ ಬಿಟ್ಟರ ಆಣಿ ಮುರೀತೈತಿ. ತಂಗಿನ್ನ ನೋಡಿದೆ, ಅಕಿ ಕಣ್ಣಾಗ ನೀರು.

ಮರುಗಳಿಗಿ ಅಕಿ ಸೆರಗು ಸೊಂಟಕ್ಕ ಸಿಗಿಸಿಕೊಂಡು ಪಲ್ಲಂಗದ ಕೆಳಗ ನುಗ್ಗಿದಳು! "ನಿಂದರ್ರಿ ಅತ್ತಿ! ಅವೆಲ್ಲಾ ಇವತ್ತಿನ ಸೋಗು! ಇಲ್ಲಿ ನೋಡ್ರಿ, ಸೀಗಿಪುಡಿ! ಇದು ಅಂಟವಾಳ! ಇದು ಕಾಡಿಗಿ! ಎಲ್ಲಾ ನಾವೇ ಮಾಡಿದ್ದು!" ಕೆಂಪು ದಾರದ ಡಬ್ಬಿನೂ ಎಳದು ಮುಂದ ಹಿಡದಳು. "ಇದು ಹಲ್ಲುಪುಡಿ!"

ಹಿರೇಮನಷ್ಯಾಳ ಮಾರಿ ಅರಳಿತು. ಸೀಗಿಪುಡಿ ಮೂಸಿದಳು, ಕಾಡಿಗಿ ಅಂಗೈಗೆ ಹಚ್ಚಿ ನೋಡಿದಳು. ಕಡೀಕ ಕೆಂಪು ದಾರದ ಡಬ್ಬಿಯೊಳಗ ಬೆರಳು ಅದ್ದಿ, ನಾಕು ಮಂದಿ ಮುಂದ, ಗಸಗಸ ಹಲ್ಲು ತಿಕ್ಕಿದಳು.

ತೊಳದು ಹಾಕೂ ಮುಂದ ಮುಚ್ಚಳ ಅದಲು-ಬದಲು ಆಗಿದ್ದವು. ಅದು ನನಗ ಅಕಿ ಬಾಯಿ ತೆರದಾಗ ಗೊತ್ತಾತು.

"ಹೂಂ! ಹುಡುಗಿ ನನಗ ಪಸಂದ!" ಅಂತ ಬಾಯಿತುಂಬ ನಕ್ಕಳು. ಮುವತ್ತೆರಡೂ ಹಲ್ಲು ನಮ್ಮ ಸಾಲಿ ಬೋರ್ಡು!

ನಾ ಗ್ವಾಡಿಗೆ ಆತುಕೊಂಡೆ. ತಂಗಿ ಸೆರಗು ಬಾಯಾಗ ತುರುಕಿಕೊಂಡಳು. ಆವಾಗ ಅಷ್ಟೊತ್ತು ತುಟಿ ಬಿಚ್ಚದ ವರ ಮೊದಲನೇ ಸಲ ತಲಿ ಎತ್ತಿದ. ಅವ್ವನ್ನ ನೋಡಿದ, ನನ್ನ ತಂಗಿನ್ನ ನೋಡಿದ, ಲಗೂನ ಎದ್ದು ನಿಂತ.

"ಅವ್ವಾ, ಹೂಂ ಅಂದಿಯಲ್ಲ, ಅಷ್ಟು ಸಾಕು. ಇನ್ನ ರಾಮದುರ್ಗ ಮುಟ್ಟೂತನಕ ಬಾಯಿ ತೆರೀಬ್ಯಾಡ!"