ಛತ್ರಿ ಕಡ್ಡಿಯ ರೈಲು ಹರಿಹರ ಮುಟ್ಟಿದ್ದು

ಪದವಿ ಪಡೆದವನು ಬಿಡುವಿನ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಹೊಲ ಉಳುವವನಿಗೆ ಬಿಡುವು ಸಿಕ್ಕರೆ ಮಲಗುತ್ತಾನೆ. ಅಂಗಡಿಯವನಿಗೆ ಸಿಕ್ಕರೆ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತು ವ್ಯಾಪಾರ ಬಿದ್ದುಹೋಯಿತೆಂದು ಗೋಳಾಡುತ್ತಾನೆ. ನನ್ನಂಥ ಬಿ.ಎಸ್ಸಿ.ಗೆ ಎರಡೂ ದಾರಿ ಬಂದ್. ಮಲಗಿದರೆ "ಇಷ್ಟು ಓದಿ ಮಲಗ್ಯಾನ ನೋಡು" ಅನ್ನುತ್ತಾರೆ; ಕಟ್ಟೆಗೆ ಹೋದರೆ "ಇಷ್ಟು ಓದಿ ಕಟ್ಟೆಗೆ ಬಂದ ನೋಡು" ಅನ್ನುತ್ತಾರೆ. ಹೀಗಾಗಿ ನಾನು ಮನೆಯ ಪಡಸಾಲೆಯಲ್ಲಿ ಒಂದು ರೈಲ್ವೆ ಕಟ್ಟಿದೆ.

ಬಿ.ಎಸ್ಸಿ. ಎಂದೆನಲ್ಲ, ಅದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳುವವನು. ನಮ್ಮ ವಂಶದಲ್ಲಿ ನನಗಿಂತ ಹಿಂದೆ ಹೆಬ್ಬೆಟ್ಟು ಬಿಟ್ಟು ಬೇರೆ ಸಹಿ ಗೊತ್ತಿದ್ದವರಿಲ್ಲ. ಆವರಗೆರೆಯಿಂದ ದಾವಣಗೆರೆಯ ಸ್ಕೂಲಿಗೆ ಬರಿಗಾಲಲ್ಲಿ ನಡೆದು ಓದಿದವನು ನಾನು. ನಮಗೆ ಗಡಿಯಾರ ಎಲ್ಲಿಂದ ಬರಬೇಕು? ದೂರದಲ್ಲಿ ರೈಲಿನ ಹೊಗೆ ಕಂಡಿತೆಂದರೆ ಸ್ಕೂಲಿನ ಗಂಟೆ ಹೊಡೆಯುವ ಹೊತ್ತಾಯಿತೆಂದು ಓಟ ಕೀಳುತ್ತಿದ್ದೆ. ರೈಲು ತಡವಾದ ದಿನ ನಾನೂ ತಡ. ಮೇಷ್ಟ್ರು ರೈಲ್ವೆ ಇಲಾಖೆಯ ತಪ್ಪಿಗೆ ನನ್ನ ಅಂಗೈ ಮೇಲೆ ಹೊಡೆಯುತ್ತಿದ್ದರು. ನಾನು ಹೇಳಿದಾಗ ಹೊರಡುವ, ನಾನು ಹೇಳಿದಾಗ ನಿಲ್ಲುವ ಒಂದು ರೈಲನ್ನು ಎಂದಾದರೂ ಇಟ್ಟುಕೊಳ್ಳಲೇಬೇಕೆಂದು ಉರಿಯುವ ಅಂಗೈ ಊದಿಕೊಳ್ಳುತ್ತ ನಾನು ಶಪಥ ಮಾಡಿದ್ದೆ. ಮೈಸೂರಿನಲ್ಲಿ ಉಚಿತ ಹಾಸ್ಟೆಲಿನ ಅನ್ನ ಉಂಡು ಪದವಿ ಮುಗಿಸಿ, ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿ, ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾದ ಮೇಲೆ, ಆ ಚೌಕಟ್ಟಿನ ಕೆಳಗೇ ಶಪಥ ತೀರಿಸಲು ಕೂತೆ.

ಎಂಜಿನ್ನು ಮಾತ್ರ ಹೊರಗಿನದು. ಪರಿಚಯದ ಹತ್ತಿ ದಲಾಲರೊಬ್ಬರು ಮುಂಬಯಿಗೆ ಹೋದಾಗ ತಂದುಕೊಟ್ಟ ಚಾವಿ ಎಂಜಿನ್ನು, ಅಂಗೈಯಷ್ಟುದ್ದ, ಕಪ್ಪು ಬಣ್ಣದ್ದು. ಉಳಿದದ್ದೆಲ್ಲ ಸ್ವದೇಶಿ. ಯಾವುದೋ ಹಳೇ ಗೋದಾಮು ಕೆಡವಿದಾಗ ಸಿಕ್ಕ ಜೋಡಿ ಬಾಗಿಲಿನ ಎರಡು ಕದಗಳನ್ನು ಪಡಸಾಲೆಯಲ್ಲಿ ಉದ್ದಕ್ಕೆ ಜೋಡಿಸಿ ಮೇಜು ಮಾಡಿದೆ. ದಾವಣಗೆರೆಯಿಂದ ಹರಿಹರದ ತನಕದ ರೈಲುದಾರಿ ಅದರ ಮೇಲೆ ಬರಬೇಕಿತ್ತು. ಹಳಿಗೆ ಛತ್ರಿಯ ಕಡ್ಡಿ. ಛತ್ರಿ ಕಡ್ಡಿಯಷ್ಟು ನೇರವಾದ, ನಯವಾದ, ಹೇಳಿದ ಹಾಗೆ ಬಗ್ಗುವ ಉಕ್ಕು ಇನ್ನೊಂದಿಲ್ಲ. ಮೊದಲು ನಮ್ಮ ಮನೆಯ ಛತ್ರಿಗಳು ಹೋದವು. ಆಮೇಲೆ ನೆಂಟರಿಷ್ಟರ ಮುರಿದ ಛತ್ರಿಗಳು. ಆಮೇಲಾಮೇಲೆ ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಸಹೋದ್ಯೋಗಿಗಳು ಮಾತು ನಿಲ್ಲಿಸಿ ಛತ್ರಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳತೊಡಗಿದರು. ಆ ಮಳೆಗಾಲ ನಮ್ಮ ಮನೆಯವರೆಲ್ಲ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಓಡಾಡಿದರು.

ಹೀರೇಕಾಯಿ ನಾರಿಗೆ ಹಸಿರು ಬಣ್ಣ ಅದ್ದಿ ಮರ ಮಾಡಿದೆ. ನಮ್ಮೂರಲ್ಲಿ ಹತ್ತಿಗೇನು ಬರ, ಮಿಲ್ಲಿನ ಚಿಮಣಿಗಳ ಬಾಯಿಂದ ಹತ್ತಿಯ ಹೊಗೆ ಎಳೆದೆ. ದಾರಿಯ ನಡುವಿನ ಬಾತಿ ಗುಡ್ಡ ಮಾತ್ರ ನನ್ನನ್ನು ಸತಾಯಿಸಿತು. ಕೊನೆಗೆ ನಮ್ಮ ಅವ್ವ ಮೊರಕ್ಕೆ ಬಳಿಯಲು ಕಾಗದ, ಮೆಂತ್ಯ ನೆನೆಹಾಕಿ ರುಬ್ಬಿಟ್ಟಿದ್ದ ಮುದ್ದೆಯನ್ನು ಅವಳು ಅತ್ತ ತಿರುಗಿದಾಗ ಇಡಿಯಾಗಿ ಎತ್ತಿ ತಂದು ಎರಡು ಕದಗಳು ಕೂಡುವ ಜಾಗದಲ್ಲಿ ಪೇರಿಸಿದೆ. ಗುಡ್ಡ ಕಲ್ಲಿನ ಹಾಗೆ ಒಣಗಿತು. ಮನೆಯೆಲ್ಲ ತಿಂಗಳುಗಟ್ಟಲೆ ಮೆಂತ್ಯದ ವಾಸನೆ. ಅವ್ವ ಮಾತ್ರ "ನನ್ನ ಮೊರಾನ ಗುಡ್ಡ ಮಾಡಿದ ಮಗ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅದು ದೂರೋ ಹೊಗಳಿಕೆಯೋ ಇವತ್ತಿಗೂ ಗೊತ್ತಿಲ್ಲ.

ವಿಜ್ಞಾನದ ಮೇಷ್ಟ್ರಿಗೆ ಒಂದೇ ಚಿಂತೆ: ಪ್ರಮಾಣ. ಎಂಜಿನ್ನಿನ ಅಳತೆಗೆ ಸರಿಯಾಗಿ ದೂರ ಹಿಡಿದರೆ ಹರಿಹರ ಪಡಸಾಲೆ ದಾಟಿ, ಬೀದಿ ದಾಟಿ, ಹಿಂದಿನ ಓಣಿಯ ಬಾವಿಕಟ್ಟೆಯ ಹತ್ತಿರ ಬೀಳುತ್ತಿತ್ತು. ಅಲ್ಲಿ ಬಟ್ಟೆ ಒಗೆಯುವ ಹೆಂಗಸರ ನಡುವೆ ಸ್ಟೇಷನ್ ಕಟ್ಟುವುದು ಹೇಗೆ? ಮನಸ್ಸಿಲ್ಲದ ಮನಸ್ಸಿನಿಂದ ದೂರ ಕುಗ್ಗಿಸಿದೆ. ದಾವಣಗೆರೆಯನ್ನು ಮಾತ್ರ ಕೈಬಿಚ್ಚಿ ಕಟ್ಟಿದೆ: ಸ್ಟೇಷನ್, ಮಿಲ್ಲುಗಳು, ಮಂಡಕ್ಕಿ ಭಟ್ಟಿ, ನಮ್ಮ ಹೈಸ್ಕೂಲು, ಆವರಗೆರೆಯ ಕಾಲುದಾರಿ. ಗುಡ್ಡದಾಚೆಗೂ ಮಿಲ್ಲುಗಳನ್ನೇ ಬೆಳೆಸಿದೆ. ಹರಿಹರದ ಸರದಿ ಬರುವಷ್ಟರಲ್ಲಿ ಮೇಜು ಮುಗಿದಿತ್ತು. ಅಂಚಿನಲ್ಲಿ ಒಂದು ಬೆಂಕಿಪೊಟ್ಟಣ ಅಂಟಿಸಿ ಅದರ ಮೇಲೆ 'ಹರಿಹರ' ಎಂದು ಬರೆದು ಕೈ ತೊಳೆದುಕೊಂಡೆ. ಆ ಊರಿಗೆ ತಾಗಿ ಹರಿಯುವ ತುಂಗಭದ್ರಾ ಹೊಳೆಯನ್ನು ಬಿಟ್ಟೇಬಿಟ್ಟೆ. ಆಗ ಇನ್ನೂ ರಾಜ್ಯಗಳು ಒಂದಾಗಿರಲಿಲ್ಲ. ಹೊಳೆ ದಾಟಿದರೆ ಮುಂಬಯಿ ಸರ್ಕಾರ. ಮೈಸೂರು ಸಂಸ್ಥಾನ ಎಲ್ಲಿ ಮುಗಿಯುತ್ತದೋ ನನ್ನ ಮೇಜೂ ಅಲ್ಲೇ ಮುಗಿದರೆ ತಪ್ಪೇನು ಎಂದುಕೊಂಡೆ.

ತಪ್ಪೇನು ಎಂಬುದು ನನ್ನ ತಂಗಿ ಶಾಂತಳಿಗೆ ಗಂಡು ಗೊತ್ತಾಗುವಾಗ ತಿಳಿಯಿತು.

ಅಪ್ಪ ತೀರಿಕೊಂಡ ಮೇಲೆ ತಂಗಿಯ ಮದುವೆ ನನ್ನ ಹೆಗಲಿನದು. ಹುಡುಗ ಬಸವರಾಜ, ಹರಿಹರದ ಕಾರ್ಖಾನೆಯಲ್ಲಿ ಕೆಲಸ. ಅವನ ಅಪ್ಪ ಸಿದ್ದಲಿಂಗಪ್ಪ, ಅಲ್ಲಿಯ ಹೆಸರುವಾಸಿ ಕಾಳಿನ ವ್ಯಾಪಾರಿ. ನೆಂಟರ ಮನೆಯ ಮದುವೆಯೊಂದರಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಆಗಿತ್ತು. ಹರಿಹರದ ಹೆಸರು ಬಂದಾಗಲೆಲ್ಲ ಶಾಂತಳ ಕೈಯಲ್ಲಿ ರೊಟ್ಟಿ ಸೀಯುತ್ತಿತ್ತು. ಇನ್ನು ಹಿರಿಯರು ಮನೆಗೆ ಬಂದು ನೋಡುವುದು, ಎಲೆ ಅಡಿಕೆ ಹಂಚುವುದು, ಅಷ್ಟೇ ಬಾಕಿ.

"ಅವ್ರು ಬರೋದ್ರಾಗೆ ಈ ನಿಮ್ಮ ಸಂಸಾರಾನ ಎತ್ರಿ" ಎಂದಳು ನನ್ನ ಹೆಂಡತಿ ಪಾರ್ವತಿ. ಎತ್ತಲು ನೋಡಿದೆವು. ಬಾತಿ ಗುಡ್ಡ ಬಾಗಿಲಿಗೆ ಅಡ್ಡ ಬಂತು. ಕೊನೆಗೆ ಪಾರ್ವತಿ ಮೇಜಿನ ಮೇಲೆ ಉದ್ದಕ್ಕೂ ಒಂದು ಬಿಳೀ ದುಪ್ಪಟಿ ಹೊದಿಸಿದಳು.

ಸಿದ್ದಲಿಂಗಪ್ಪ ಹೆಂಡತಿಯನ್ನೂ ಬಸವರಾಜನನ್ನೂ ಕರೆದುಕೊಂಡು ಬಂದರು. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ದನಿ. "ಶರಣ್ರೀ ಮೇಷ್ಟ್ರೇ!" ಎಂದು ಒಳಗೆ ಕಾಲಿಟ್ಟವರು ಥಟ್ಟನೆ ದನಿ ಇಳಿಸಿದರು. ಬಿಳೀ ದುಪ್ಪಟಿ, ಅದರ ನಡುವೆ ದೊಡ್ಡ ಹೊಟ್ಟೆಯ ಹಾಗೆ ಎದ್ದು ನಿಂತ ಗುಡ್ಡ. ಅವರ ಹೆಂಡತಿ ಸೆರಗನ್ನು ಬಾಯಿಗೆ ತಂದುಕೊಂಡರು.

"ಪಾಪ, ಎಷ್ಟು ದಿನಾ ಆತ್ರೀ ಹಾಸಿಗಿ ಹಿಡಿದು?" ಎಂದರು ಸಿದ್ದಲಿಂಗಪ್ಪ ಪಿಸುಮಾತಿನಲ್ಲಿ. "ಉಸಿರಾಟ ಕಾಣ್ತಾನೇ ಇಲ್ಲಲ್ಲ?"

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ದುಪ್ಪಟಿ ಎಳೆದೆ.

ಆ ದೊಡ್ಡ ಮನುಷ್ಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಮೊಣಕಾಲೂರಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದರು. "ಎಲಾ ಎಲಾ! ಮಿಲ್ಲು! ಹೊಗಿ ಬೇರೆ ಬರ್ತೈತಲ್ರೀ! ಇದು ಮಂಡಕ್ಕಿ ಭಟ್ಟಿ ಹೌದಿಲ್ಲೋ?" ನಾನು ಉಬ್ಬಿಹೋದೆ. ಚಾವಿ ಕೊಟ್ಟೆ. ಎಂಜಿನ್ನು ದಾವಣಗೆರೆ ಬಿಟ್ಟು, ಬಾತಿ ಗುಡ್ಡ ಸುತ್ತಿ, ಮಿಲ್ಲುಗಳ ನಡುವೆ ಓಡಿ, ಬೆಂಕಿಪೊಟ್ಟಣಕ್ಕೆ ಗೇಣು ದೂರದಲ್ಲಿ ಸುಸ್ತಾಗಿ ನಿಂತಿತು.

"ಯಾಕ ನಿಂತ್ಕಂತು?"

"ಚಾವಿ ಮುಗೀತ್ರಿ. ಹರಿಹರ ಇನ್ನೇನು ಅಲ್ಲೇ ಐತೆ."

"ಎಲ್ಲಿ?"

ತೋರಿಸಿದೆ. ಸಿದ್ದಲಿಂಗಪ್ಪ ಬೆಂಕಿಪೊಟ್ಟಣವನ್ನು ನೋಡಿದರು. ಬಗ್ಗಿ ಮೇಜಿನ ಅಂಚಿನಾಚೆ ಕೆಳಗೆ ನೋಡಿದರು, ಬಿದ್ದಿರಬಹುದೇನೋ ಎಂಬ ಹಾಗೆ. "ಹೊಳಿ ಎಲ್ಲಿ?"

"ಹೊಳೆ... ಜಾಗ ಸಾಲ್ಲಿಲ್ರಿ."

"ಜಾಗ ಸಾಲ್ಲಿಲ್ಲ!" ಅವರು ಎದ್ದು ನಿಂತು ರುಮಾಲು ತಲೆಗೇರಿಸಿದರು. "ಬ್ಯಾಸಿಗಿ ಬಂದ್ರೆ ಎರಡು ಕೊಡ ನೀರಿಗೆ ಜುಟ್ಟು ಹಿಡಕೊಳ್ಳೋ ಊರಿನೋರಿಗೆ ಮಂಡಕ್ಕಿ ಭಟ್ಟಿಗೆ ಜಾಗ ಐತೆ, ತುಂಗಭದ್ರಿಗೆ ಜಾಗ ಇಲ್ಲ! ನಮ್ಮೂರಂದ್ರೆ ನಿಮಗೆ ಬೀಡಿ ಹಚ್ಚೋ ಪೆಟ್ಟಿಗೇನ್ರೀ ಮೇಷ್ಟ್ರೇ? ಹುಡುಗಿ ಕೊಡೋ ಊರಿನ ಮ್ಯಾಲೇ ಇಷ್ಟು ಗೌರವ ಇದ್ರೆ, ನಾಳೆ ಆ ಹುಡುಗಿಗೆ ಅತ್ತಿ ಮನಿ ಮ್ಯಾಲೆ ಎಷ್ಟು ಇರ್ತೈತೆ?" ಮಂಡಕ್ಕಿ ಮೆಣಸಿನಕಾಯಿ ಮುಟ್ಟಲಿಲ್ಲ. ಎಲೆ ಅಡಿಕೆ ತಟ್ಟೆ ಇದ್ದಲ್ಲೇ ಉಳಿಯಿತು. ಬಸವರಾಜ ಹೊಸ್ತಿಲ ತನಕ ಹಿಂದಕ್ಕೇ ನೋಡುತ್ತ ಹೋಗಿ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡ.

ಅವರು ಹೋದ ಮೇಲೆ ಶಾಂತ ಅಡಿಗೆಮನೆಯಿಂದ ಬಂದಳು. ಅಳುತ್ತಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಅಣ್ಣಾ, ಬಿ.ಎಸ್ಸಿ.ಯಾಗೆ ನಿಮಗೆ ಹೊಳಿ ಬಗ್ಗೆ ಏನೂ ಹೇಳ್ಲಿಲ್ಲೇನು?" ಎಂದಳು. ಆಮೇಲೆ ಮುಡಿಯಿಂದ ಹೇರ್‌ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟು, "ಇವು ಸೇತುವಿಗೆ" ಎಂದು ಒಳಗೆ ಹೋದಳು.

ಮರುದಿನವೇ ಗುಡ್ಡದಾಚೆಯ ಮಿಲ್ಲುಗಳನ್ನೆಲ್ಲ ಕಿತ್ತೆ. ದಾವಣಗೆರೆಯ ಒಬ್ಬ ಮಿಲ್ ಮಾಲೀಕನೂ ನನ್ನಷ್ಟು ಸಂಕಟಪಟ್ಟು ಮಿಲ್ಲು ಮುಚ್ಚಿರಲಾರ. ಎರಡನೇ ಕದ ಪೂರ್ತಿ ಹರಿಹರವಾಯಿತು, ಹಳಿ ಅದನ್ನು ಬಳಸಿಕೊಂಡು ಹೋಗಿ ಮೊದಲಿಗಿಂತ ಉದ್ದವಾಯಿತು. ಗುಡಿ, ಹೊಳೆಯ ಮೆಟ್ಟಿಲು, ಮಂಡಿಪೇಟೆ, ಅದರಲ್ಲಿ ಸಿದ್ದಲಿಂಗಪ್ಪನವರ ಅಂಗಡಿ, ಅಂಗಡಿಯ ಮುಂದೆ ಶೇಂಗಾ ಸಿಪ್ಪೆಯ ಮೂಟೆಗಳು. ಹೊಳೆಗೆ ಏನು ಮಾಡುವುದು? ಪಾರ್ವತಿಯ ತವರಿನ ಉದ್ದನೆಯ ಕನ್ನಡಿ ಗೋಡೆಯ ಮೇಲೆ ಹೊಳೆಯುತ್ತಿತ್ತು. ಹೇಗೆ ಕೇಳಿದೆ, ಅವಳು ಹೇಗೆ ಕೊಟ್ಟಳು ಎಂಬುದು ಗಂಡಹೆಂಡಿರ ವಿಷಯ, ಇಲ್ಲಿ ಬೇಡ. ಆಮೇಲೆ ಅವಳು ದಿನಾ ಬೆಳಿಗ್ಗೆ ತುಂಗಭದ್ರೆಯ ಮೇಲೆ ಬಗ್ಗಿ, ಸೇತುವೆಗೆ ಜಡೆ ತಾಗದ ಹಾಗೆ ಹಿಡಿದುಕೊಂಡು, ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಸೇತುವೆ ಪೂರ್ತಿ ಹೇರ್‌ಪಿನ್ನಿನದು. ನಮ್ಮ ಓಣಿಯ ಹೆಂಗಸರು ಆಗ ಬರೀ ಗಂಟು ಕಟ್ಟಿಕೊಂಡು ತಿರುಗಿದರು.

ಹೊಳೆ ತುಂಬಿದೆ, ದಯಮಾಡಿಸಿ ಎಂದು ಹೇಳಿ ಕಳಿಸಿದೆ. ಸಿದ್ದಲಿಂಗಪ್ಪ ಬಂದರು, ಜೊತೆಗೆ ಅವರ ಬೀದಿಯ ಅರ್ಧ ಜನ. ಯಾರೂ ನಮ್ಮನ್ನು ಮಾತಾಡಿಸಲಿಲ್ಲ. ಎಲ್ಲರೂ ನೇರ ಮೇಜಿನ ಮೇಲೆ ಬಿದ್ದರು. "ಗೋಪುರ ಇನ್ನೊಂದು ಚೂರು ಎತ್ರ ಆಗ್ಬೇಕಿತ್ತು." "ಅಲ್ಲಲೇ, ನಿನ್ನ ಮನಿ ಈ ಸಂದಿಯಾಗೆ ಬರ್ತೈತೆ, ಬೆರಳು ತೆಗಿ." ಸಿದ್ದಲಿಂಗಪ್ಪ ತಮ್ಮ ಅಂಗಡಿಯನ್ನು ಕಂಡವರೇ ಮೂಟೆಗಳನ್ನು ಉಗುರಿನಿಂದ ಸ್ವಲ್ಪ ಸರಿಸಿ ನೆಟ್ಟಗೆ ಮಾಡಿದರು. ಆಮೇಲೆ, "ಬಿಡ್ರಿ ಗಾಡಿ" ಎಂದರು.

ಚಾವಿಯನ್ನು ಎಷ್ಟು ತಿರುಗೀತೋ ಅಷ್ಟೂ ತಿರುಗಿಸಿದೆ. ಎಂಜಿನ್ನು ಹೊರಟಿತು. ಗುಡ್ಡ ಸುತ್ತಿತು. "ಬಂತು ಬಂತು" ಎಂದರು ಜನ. ಹರಿಹರದ ಸ್ಟೇಷನ್ ಹೊಳೆಯ ಈಚೆಗಿದೆ. ಅದರ ಕಂಬ ಕಣ್ಣೆದುರಿಗಿದೆ. ಅಷ್ಟರಲ್ಲಿ ಎಂಜಿನ್ನು ಟಿಕ್ ಟಿಕ್ ಎಂದು, ಮತ್ತೆ ಗೇಣು ದೂರದಲ್ಲಿ ನಿಂತುಬಿಟ್ಟಿತು. ಸಿದ್ದಲಿಂಗಪ್ಪನವರ ಹುಬ್ಬು ಮೇಲೇರತೊಡಗಿತು. ನಾನು ಗೋಡೆಯ ಮೇಲಿನ ಪದವಿ ಕಡೆ ನೋಡಿದೆ. ಅದರಿಂದ ಸಹಾಯ ಬರಲಿಲ್ಲ.

ಆಗ ಶಾಂತ ಎಲೆ ಅಡಿಕೆ ತಟ್ಟೆ ಹಿಡಿದು ಒಳಗಿನಿಂದ ಬಂದಳು. ತಲೆ ಬಗ್ಗಿಸಿಕೊಂಡೇ ಬಂದಳು, ಬಗ್ಗಿಸಿದ ಕಣ್ಣಿಗೆ ನಿಂತ ಎಂಜಿನ್ನು ಕಂಡಿತು. ತಟ್ಟೆಯನ್ನು ಎಡಗೈಗೆ ಬದಲಿಸಿ, ಬಲಗೈಯ ಒಂದೇ ಬೆರಳಿನಿಂದ, ಬಳೆ ಸದ್ದಾಗದ ಹಾಗೆ, ಎಂಜಿನ್ನನ್ನು ಹಿಂದಿನಿಂದ ಮೆಲ್ಲಗೆ ತಳ್ಳಿದಳು. ಗಾಡಿ ಹರಿಹರ ಮುಟ್ಟಿತು. ಅಷ್ಟಕ್ಕೇ ನಿಲ್ಲಿಸದೆ, ಬಂದವರು ಹೊಳೆ ನೋಡದೆ ಹೋಗುವುದೇ ಎಂಬ ಹಾಗೆ, ಸೇತುವೆಯನ್ನೂ ದಾಟಿಸಿ ಮುಂಬಯಿ ಸರ್ಕಾರದಲ್ಲಿ ನಿಲ್ಲಿಸಿದಳು.

"ಆತು!" ಎಂದು ಗುಡುಗಿದರು ಸಿದ್ದಲಿಂಗಪ್ಪ. "ಇನ್ನೇನ್ರಪ್ಪಾ ಕೇಳೋದು? ಹುಡುಗಿ ತಾನೇ ಗಾಡಿ ತಳ್ಕೊಂಡು ನಮ್ಮೂರಿಗೆ ಬಂದ್ಲು! ಕೊಡ್ರಿ ಎಲಿ ಅಡಿಕಿ!" ಬಸವರಾಜ ನಕ್ಕ. ಅವನ ಹಣೆಯ ಗಾಯ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ.

ಕೊಡುವುದು ಬಿಡುವುದರ ಮಾತು ಬಂತು. ಏನು ಕೇಳಿದರೂ ಹೂಂ ಅನ್ನಬೇಕೆಂದು ಗಟ್ಟಿಮನಸ್ಸು ಮಾಡಿ ಕೂತಿದ್ದೆ. ಸಿದ್ದಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ನಮಗೇನೂ ಬ್ಯಾಡ್ರಿ. ಹುಡುಗಿ ಜೋಡಿ ನಮ್ಮೂರ್ನ ನಮಗೆ ಕೊಟ್ಬಿಡ್ರಿ" ಎಂದು ಎರಡನೇ ಕದದ ಮೇಲೆ ಕೈಯಿಟ್ಟರು.

ನಾನು ಬಾಯಿ ತೆರೆಯುವ ಮುಂಚೆ ಪಾರ್ವತಿ ಬಾಗಿಲ ಮರೆಯಿಂದ "ಅಗತ್ಯ ತಗೊಂಡ್ಹೋಗ್ರಿ" ಎಂದಳು. ತವರಿನ ಕನ್ನಡಿ ಅದರ ಜೊತೆಗೇ ಹೋಗುತ್ತದೆಂಬುದು ಅವಳಿಗೆ ಹೊಳೆದದ್ದು ಕದ ಹೇರಿದ ಎತ್ತಿನ ಗಾಡಿ ಓಣಿ ತಿರುಗಿದ ಮೇಲೆ. ಗುಡ್ಡ ಎರಡೂ ಕದಕ್ಕೆ ಸೇರಿತ್ತಾದ್ದರಿಂದ ಗರಗಸ ಹಾಕಬೇಕಾಯಿತು. ಕೊಯ್ದಾಗ ಒಳಗಿನಿಂದ ಅವ್ವನ ಕಾಣೆಯಾಗಿದ್ದ ಮರದ ಸೌಟು ಹೊರಬಂತು. ಅದರ ಸಲುವಾಗಿ ಅತ್ತೆ ಸೊಸೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಇಬ್ಬರೂ ಕೂಡಲೇ ಒಂದಾಗಿ ನನ್ನ ಕಡೆ ತಿರುಗಿದರು.

ಶಾಂತಳ ಮದುವೆಯಾಗಿ, ರಾಜ್ಯಗಳೂ ಒಂದಾಗಿ, ಈಗ ವರ್ಷಗಳಾದವು. ನನ್ನ ರೈಲು ಅರ್ಧ ಗುಡ್ಡದ ತನಕ ಓಡಿ ನಿಲ್ಲುತ್ತದೆ. ಬೀಗರ ಮನೆಯಲ್ಲಿರುವ ಎರಡನೇ ಕದದ ಮೇಲೆ ಮುಂದಿನ ಪಯಣ ಆಗಬೇಕಾದರೆ ಎಂಜಿನ್ನನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಾನು ಸ್ಟೇಷನ್ನಿಗೆ ಹೋಗಿ, ಟಿಕೆಟ್ ಕೊಂಡು, ನಿಜವಾದ ರೈಲು ಹತ್ತಬೇಕು. ಒಮ್ಮೆ ಪಕ್ಕದಲ್ಲಿ ಕೂತವರು ಉಬ್ಬಿದ ಜೇಬನ್ನು ನೋಡಿ ಏನೆಂದು ಕೇಳಿದಾಗ ತೆಗೆದು ತೋರಿಸಿದೆ. ಅವರು ಎದ್ದು ಬೇರೆ ಕಡೆ ಕೂತರು. ಕೂರಲಿ. ಪ್ರಮಾಣ ಕುಗ್ಗಿಸಿದೆನಲ್ಲಾ ಎಂಬ ಕೊರಗು ನನಗೆ ಈಗಿಲ್ಲ. ನನ್ನ ದಾವಣಗೆರೆಗೂ ನನ್ನ ಹರಿಹರಕ್ಕೂ ನಡುವಿನ ದೂರ ಈಗ ಒಂದು ಅಂಗುಲವೂ ಹೆಚ್ಚುಕಡಿಮೆಯಿಲ್ಲದೆ ಸರಿಯಾಗಿದೆ. ಯಾವ ದೇಶದ ಬಿ.ಎಸ್ಸಿ. ಇಂಥ ಮಾದರಿ ಕಟ್ಟಿದ್ದಾನೆ, ತೋರಿಸಿ.

ಆದರೆ ಹೋದ ಹಬ್ಬಕ್ಕೆ ನಿಜವಾದ ರೈಲು ಬಾತಿ ಹತ್ತಿರ ಸುಮ್ಮನೆ ನಿಂತುಬಿಟ್ಟಿತು. ಬೆವರು ಸುರಿಸಿಕೊಂಡು ಬೀಗರ ಮನೆ ಮುಟ್ಟಿದಾಗ ಕದದ ಮೇಲಿನ ಹರಿಹರದ ಸುತ್ತ ಜನ ಸೇರಿ ಕಾದು ಕಾದು ಸುಸ್ತಾಗಿದ್ದರು. ಸಿದ್ದಲಿಂಗಪ್ಪ ನನ್ನ ಮುಖ ನೋಡಲಿಲ್ಲ, ಜೇಬು ನೋಡಿದರು. "ಏನ್ರೀ ಮೇಷ್ಟ್ರೇ, ಗಾಡಿ ಇಷ್ಟು ತಡ?" ಎಂದು ಎಲ್ಲರ ಮುಂದೆ ಬೈದರು. ನಾನು ಅಂಗೈ ಚಾಚಿ ನಿಂತೆ. ಎಂಜಿನ್ನು ಕೊಡುವುದಕ್ಕೇ ಚಾಚಿದ್ದು, ಆದರೂ ಅಂಗೈ ಸ್ವಲ್ಪ ಉರಿಯಿತು. ರೈಲ್ವೆ ಇಲಾಖೆಯ ತಪ್ಪಿಗೆ ಈಗಲೂ ನಾನೇ ಹೊಣೆ. ವ್ಯತ್ಯಾಸ ಇಷ್ಟೇ: ಆಗ ನಾನಿನ್ನೂ ಬಿ.ಎಸ್ಸಿ. ಆಗಿರಲಿಲ್ಲ.