ಖಾಲಿ ಉಳಿದ ಕೀಪರನ ಜಾಗ

ಮನೆಯಲ್ಲಿ ಒಬ್ಬರಿಗೆ ಏನಾದರೂ ಕೂಡಿಡುವ ಹುಚ್ಚಿದ್ದರೆ ಸಾಕು, ನಗಲು ಹೊರಗೆ ಹೋಗಬೇಕಿಲ್ಲ. ನಾರಾಯಣಖೇಡದ ನಮ್ಮ ಮನೆಯಲ್ಲಿ ಆ ಒಬ್ಬಳು ನಾನು. ಬಿ.ಎ. ಪಾಸಾದವಳು; ಹಾಲಿನ ಲೆಕ್ಕದಿಂದ ಮೊಮ್ಮಕ್ಕಳ ಲಸಿಕೆಯವರೆಗೆ ಎಲ್ಲ ಬರೆದಿಡುವವಳು. ಮೆಚ್ಚಿನ ಕ್ರಿಕೆಟ್ ತಂಡದ ಆಟಗಾರರ ಕಾರ್ಡುಗಳನ್ನೂ ಆಲ್ಬಮ್ಮಿನಲ್ಲಿ ಹೊಂದಿಸಿ, ಪ್ರತಿಯೊಂದರ ಕೆಳಗೆ ಎಲ್ಲಿ ಸಿಕ್ಕಿತೆಂದು ಬರೆದಿದ್ದೇನೆ. ವಿಕೆಟ್ ಕೀಪರ್ ಮಾತ್ರ ಸಿಕ್ಕಿರಲಿಲ್ಲ. ಆಲ್ಬಮ್ ತೆರೆದರೆ ಆ ಖಾಲಿ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು.

ಚಿಪ್ಸಿನ ಪರೀಕ್ಷೆ

ಕಾರ್ಡು ಬರುವುದು ಚಿಪ್ಸ್ ಪಾಕೀಟಿನಲ್ಲಿ. ಜಹೀರಾಬಾದಿನ ಅಂಗಡಿಯಲ್ಲಿ ಒಂದೊಂದೇ ಪಾಕೀಟನ್ನು ಒತ್ತಿ ನೋಡುತ್ತಿದ್ದೆ.

"ಅಮ್ಮಾ, ಕಲ್ಲಂಗಡಿ ಅಲ್ರಿ ಅದು. ಒಳಗಿಂದೆಲ್ಲಾ ಪುಡಿ ಆಗ್ಲಾಕತ್ತದ" ಎಂದ ಅಂಗಡಿಯವ.

ಪುಡಿಯಾದುದನ್ನೆಲ್ಲ ನಾನೇ ಕೊಳ್ಳಬೇಕಾಯಿತು. ಮನೆಯಲ್ಲಿ ಅನ್ನದ ಮೇಲೆ ಚಿಪ್ಸು, ಜೋಳದ ರೊಟ್ಟಿಗೆ ಚಿಪ್ಸು. ನಮ್ಮವರಿಗೆ ಬಿ.ಪಿ. ಬೇರೆ.

"ಡಾಕ್ಟರ್ ಉಪ್ಪು ಬಿಡು ಅಂದಾರ. ಕೀಪರ್ ಸಿಗೋತನಕ ನಾ ಇರಬೇಕೋ ಬ್ಯಾಡೋ, ಅದೊಂದು ಹೇಳು" ಎಂದರು.

"ಇನ್ನಾ ನಾಕ ಪಾಕೀಟು ಅವ. ತಿಂದು ಆಮ್ಯಾಲ ಮಾತಾಡ್ರಿ" ಎಂದೆ.

ಆಯುಧ ಪೂಜೆ

ದಸರೆಗೆ ನಮ್ಮ ಅತ್ತೆ ಕುಡಗೋಲು, ಟ್ರ್ಯಾಕ್ಟರಿನ ಕೀಲಿ, ಮಕ್ಕಳ ಪುಸ್ತಕಗಳ ಜೊತೆ ನನ್ನ ಆಲ್ಬಮ್ಮನ್ನೂ ತೆರೆದಿಟ್ಟು ಪೂಜೆ ಮಾಡಿದರು. ಒಬ್ಬೊಬ್ಬ ಆಟಗಾರನಿಗೂ ಕುಂಕುಮ, ಮೇಲೊಂದು ಚೆಂಡುಹೂವು. ನಮ್ಮಲ್ಲಿ ಮನುಷ್ಯರ ಫೋಟೋಕ್ಕೆ ಕುಂಕುಮ, ಹೂವು ಬಿತ್ತೆಂದರೆ ಅವರು ತೀರಿಕೊಂಡರೆಂದೇ ಲೆಕ್ಕ.

ನ್ಯಾಲ್ಕಲ್ ಕಡೆಯ ಮುದುಕಿಯೊಬ್ಬರು ಬನ್ನಿ ಕೊಡಲು ಬಂದವರು ಅದನ್ನು ನೋಡಿ ಆಲ್ಬಮ್ಮಿನ ಮುಂದೆಯೇ ಕೂತುಬಿಟ್ಟರು.

"ಅಯ್ಯ ನನ್ನವ್ವ, ಎಲ್ಲಾ ಒಂದೇ ನಮೂನಿ ಅಂಗಿ ತೊಟ್ಟಾರ! ಒಂದೇ ಬಸ್ಸಿನಾಗ ಹೊಂಟಿದ್ರೇನು? ಮತ್ತ ಈ ಜಾಗಾ ಯಾಕ ಖಾಲಿ?"

ನಾನು ಮೈಮರೆತು, "ಅವ ಒಬ್ಬಾತ ಇನ್ನಾ ಸಿಕ್ಕಿಲ್ರಿ. ಭಾಳ ಹುಡುಕ್ಲಾಕತ್ತೀನಿ" ಎಂದೆ.

ಮುದುಕಿ ಎರಡೂ ಕೈ ಮುಗಿದರು. "ಹುಡುಕಬ್ಯಾಡ ತಾಯಿ! ಅವನೊಬ್ಬನರೆ ಉಳಕೊಳ್ಳಲಿ!"

ಹೆಣ್ಣು ನೋಡಿದ್ದು

ಸಣ್ಣ ಮಗನಿಗೆ ಹೆಣ್ಣು ನೋಡಲು ತಾಂಡೂರಿಗೆ ಹೋದೆವು. ಹೊರಡುವಾಗಲೇ ನಮ್ಮವರು ತಾಕೀತು ಮಾಡಿದ್ದರು: "ಹುಡುಗಿ ಪಸಂದ ಬಂದ್ರೂ ಅಲ್ಲೇ ಹೂಂ ಅನಬ್ಯಾಡ. ಊರಿಗೆ ಹೋಗಿ ಹೇಳಿ ಕಳಸ್ತೀವಿ ಅನಬೇಕು. ಗಂಡಿನವರಿಗೆ ಅದೇ ಮರ್ಯಾದಿ."

ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ಗಂಡಿನ ತಾಯಿ ಮೊದಲು ಮಾತಾಡಿಸಬೇಕು. ಹೆಸರು ಕೇಳುತ್ತಾಳೋ, ಅಡುಗೆ ಕೇಳುತ್ತಾಳೋ ಎಂದು ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಅವಳ ಹಿಂದಿನ ಗಾಜಿನ ಕಪಾಟಿನಲ್ಲಿ. ಅಲ್ಲಿ ಕಾರ್ಡಿನೊಳಗೆ ನಿಂತಿದ್ದ, ಗ್ಲೌಸು ತೊಟ್ಟು, ನನ್ನ ಕೀಪರ್!

"ಅದು ನಿನ್ನ ಹಂತೇಲಿ ಇನ್ನೊಂದು ಅದ ಏನವ್ವಾ?" ಎಂದುಬಿಟ್ಟೆ.

ಹುಡುಗಿ ಹಿಂದಕ್ಕೆ ತಿರುಗಿ ಕಪಾಟು ನೋಡಿದಳು, ಓರೆಗಣ್ಣಲ್ಲಿ ನನ್ನ ಮಗನನ್ನೂ ನೋಡಿದಳು, ಸೆರಗು ಸರಿ ಮಾಡಿಕೊಂಡಳು.

"ಇಲ್ರಿ ಅತ್ತಿ, ಒಂದೇ ಅದ. ನಿಮಗ ಬೇಕಂದ್ರ ನನ್ನ ಸಂಗಾಟನೇ ಬರ್ತದ."

ನಮ್ಮವರು ಗಂಟಲು ಸರಿಮಾಡಿಕೊಂಡು, "ಊರಿಗೆ ಹೋಗಿ..." ಎನ್ನುವಷ್ಟರಲ್ಲಿ ನಾನು, "ಮುಹೂರ್ತ ಯಾವಾಗ ಇಡೂಣ್ರಿ?" ಎಂದು ಕೇಳಿಯಾಗಿತ್ತು.

ಈಗ ಆಲ್ಬಮ್ಮಿನಲ್ಲಿ ಜಾಗ ಖಾಲಿ ಇಲ್ಲ. ಕೀಪರನ ಕೆಳಗೂ ಪದ್ಧತಿಯಂತೆ ಬರೆದಿದ್ದೇನೆ: "ಸಿಕ್ಕಿದ್ದು ತಾಂಡೂರಿನಲ್ಲಿ. ಸೊಸೆ ಸಮೇತ."