ರೋಪಾತಿಯ ನಾಲ್ಕು ಗೋಡೆ

ನಮ್ಮ ದ್ವೀಪದ ಊರಿನಲ್ಲಿ ಗೋಡೆಯಿರುವ ಮನೆಗಳು ಎರಡೇ. ಒಂದು ಪಾದ್ರಿಗಳದು, ಇನ್ನೊಂದು ರೋಪಾತಿಯದು. ಉಳಿದವರೆಲ್ಲ ಅಜ್ಜಂದಿರ ಕಾಲದ ಹಾಗೆ ನಾಲ್ಕು ಕಂಬ, ಮೇಲೊಂದು ಸೂರು, ಅಷ್ಟರಲ್ಲೇ ಬದುಕುವವರು. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರು ಯಾರ ಮೇಲೆ ಮುನಿಸಿಕೊಂಡು ಆ ಕಡೆ ತಿರುಗಿ ಮಲಗಿದ್ದಾರೆ ಎಂಬುದು ದಾರಿಯಲ್ಲಿ ಹೋಗುವ ನಾಯಿಗೂ ಗೊತ್ತು. ಪಾದ್ರಿಗಳಿಗೆ ಗೋಡೆ ಸರಿ. ಈ ರೋಪಾತಿಗೇಕೆ ಗೋಡೆ ಎಂದು ಊರು ಎರಡು ವರ್ಷದಿಂದ ಕೇಳಿಕೊಳ್ಳುತ್ತಿತ್ತು.

ಪಾಪ, ಅವನಿಗೆ ಬೇಕಾಗಿದ್ದದ್ದು ನಿದ್ದೆ. ಆಕ್ಲೆಂಡಿನ ಮಾಂಸದ ಕಾರ್ಖಾನೆಯಲ್ಲಿ, ಹಿಮ ಕೊರೆಯುವ ಕೋಣೆಯೊಳಗೆ ಹದಿನಾಲ್ಕು ವರ್ಷ ಕುರಿಯ ತೊಡೆ ಹೊತ್ತವನು ಅವನು. ಹೊತ್ತಷ್ಟು ದಿನವೂ ಕಂಡದ್ದು ಒಂದೇ ಕನಸು. ಬೆಚ್ಚಗಿನ ಸಂಜೆ, ಹುಟ್ಟು ಹಾಕದೆ ತಾನಾಗಿಯೇ ತೇಲುವ ದೋಣಿ, ಅದರಲ್ಲಿ ಅಂಗಾತ ಮಲಗಿರುವ ತಾನು. ಊರಿಗೆ ಬಂದು ಕಂಬದ ಮನೆಯಲ್ಲಿ ಮಲಗಿದರೆ ದೋಣಿ ದಡ ಬಿಡುವ ಮೊದಲೇ ಯಾರಾದರೊಬ್ಬರು, ಖಾಲಿ ಬಿದ್ದುಕೊಂಡಿದ್ದೀಯಲ್ಲ, ಬಾ ಹಂದಿ ಹಿಡಿ ಎಂದು ಕರೆಯುತ್ತಿದ್ದರು. ಅದಕ್ಕೇ ಪ್ಲೈವುಡ್ ತಂದು ನಾಲ್ಕು ಗೋಡೆ ಎಬ್ಬಿಸಿದ. ಆದರೂ ಬಾಗಿಲು ಬಡಿಯುವವರು ಬಡಿಯುತ್ತಲೇ ಇದ್ದರು.

ಯಾರೂ ಬಡಿಯದ ಹೊತ್ತು ದಿನಕ್ಕೆ ಒಂದೇ, 'ಸಾ'. ಸಂಜೆ ಶಂಖ ಊದಿದರೆ, ಮತ್ತೊಮ್ಮೆ ಊದುವ ತನಕ ಊರೆಲ್ಲ ತಂತಮ್ಮ ಮನೆಯಲ್ಲಿ ಪ್ರಾರ್ಥನೆಗೆ ಕೂರಬೇಕು. ದಾರಿಯಲ್ಲಿ ನರಪಿಳ್ಳೆಯೂ ಕಾಣಬಾರದು. ಹೆಂಡತಿ ಪೆಪೆ ಆ ಹೊತ್ತಿಗೆ ಕಾಲುನೋವಿನ ತಾಯಿಯ ಮನೆಗೆ ಹೋಗಿರುತ್ತಿದ್ದಳು. ಆ ಇಪ್ಪತ್ತು ನಿಮಿಷ ರೋಪಾತಿ ಬಾಗಿಲು ಹಾಕಿಕೊಂಡು ದೋಣಿ ಹತ್ತಿಬಿಡುತ್ತಿದ್ದ. ದೇವರಿಗೆ ತನ್ನ ಮೇಲೆ ಸಿಟ್ಟಿರಲಾರದು, ದೇವರೂ ಏಳನೆಯ ದಿನ ಮಲಗಿದವನೇ ಅಲ್ಲವೇ ಎಂಬುದು ಅವನ ಸಮಾಧಾನ.

ಎದುರುಮನೆಯ ಅಕೆನೆಸೆಗೆ ಸಮಾಧಾನವಿರಲಿಲ್ಲ. ಬಾಗಿಲು ಹಾಕಿಕೊಂಡು ಮಾಡುವಂಥ ಪ್ರಾರ್ಥನೆ ಯಾವುದು ಎಂದು ಅವಳು ಹೇಳಿದ್ದು ಬಾಯಿಂದ ಬಾಯಿಗೆ ಹೋಗಿ ಊರಿನ ಮುಖಂಡ ಸಲಾವೆಯಾ ಅವರ ಕಿವಿಗೂ ಬಿತ್ತು. ಹಿರಿಯರ ಸಭೆ ಸೇರಿತು. ರೋಪಾತಿ 'ಸಾ' ಹೊತ್ತಿನಲ್ಲಿ ಮಲಗುವುದು ನಿಜವಾದರೆ ಒಂದು ಹಂದಿ ದಂಡ, ಜೊತೆಗೆ ಗೋಡೆ ಕೀಳುವುದು ಎಂದು ತೀರ್ಮಾನವಾಯಿತು. ಆದರೆ ನೋಡುವವರು ಯಾರು? ಆ ಹೊತ್ತಿನಲ್ಲಿ ಇಣುಕಲು ಹೋದವನೇ ಮೊದಲ ಅಪರಾಧಿಯಾಗುತ್ತಾನೆ.

ಇದಕ್ಕೆ ದಾರಿ ತೋರಿಸಿದವಳು ಮುಖಂಡರ ತಮ್ಮನ ಮಗಳು ತಿರೇಸಾ. ಆಕ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಓದುವ ಅವಳು ರಜೆಗೆ ಬರುವಾಗ ತನ್ನ ಓದಿನ ಪ್ರಯೋಗಕ್ಕೆಂದು ಎರಡು ಪೆಟ್ಟಿಗೆ ತಂದಿದ್ದಳು. ಮನೆಯ ಆಚೆಗೊಂದು ಈಚೆಗೊಂದು ಇಟ್ಟರೆ ರೇಡಿಯೋ ಅಲೆಗಳು ಗೋಡೆ ತೂರಿ ಓಡಾಡುತ್ತವೆ. ಒಳಗಿರುವ ಮನುಷ್ಯ ಅಲೆಗಳನ್ನು ಕದಡುತ್ತಾನೆ, ಕಂಪ್ಯೂಟರಿನಲ್ಲಿ ಗೆರೆ ಕುಣಿಯುತ್ತದೆ. ಗೋಡೆಯೇ ಇಲ್ಲದ ಊರಿಗೆ ಗೋಡೆಯಾಚೆ ನೋಡುವ ಯಂತ್ರ ತಂದ ಹುಡುಗಿಯ ಕಷ್ಟವೂ ಸಣ್ಣದಲ್ಲ. ರೋಪಾತಿಯ ಮನೆ ಸಿಕ್ಕಿತೆಂದು ಅವಳು ಕುಣಿದಾಡಿದಳು.

ಆ ದಿನ ಬೆಳಿಗ್ಗೆ ಪೆಟ್ಟಿಗೆ ಇಡುವುದನ್ನು ಕಂಡಾಗಲೇ ರೋಪಾತಿಯ ಜೀವ ಅರ್ಧವಾಯಿತು. ಕೇಳಲು ಹೋದಲ್ಲೆಲ್ಲ ಇನ್ನಷ್ಟು ಹೋಯಿತು. ಅದು ಮೂಳೆಗಳನ್ನೂ ಎಣಿಸುತ್ತದೆ ಎಂದಳು ಅಂಗಡಿಯವಳು. ತಿಂದ ಟಾರೋ ಗೆಡ್ಡೆ ಹೊಟ್ಟೆಯಲ್ಲಿ ಎಲ್ಲಿದೆ ಎಂದೂ ತೋರಿಸುತ್ತದಂತೆ ಎಂದ ಬಸ್ಸಿನ ಡ್ರೈವರು. ಅಕೆನೆಸೆಯಂತೂ ತಾನಾಗಿಯೇ ಬಂದು, "ಅದಕ್ಕೆ ಕನಸೂ ಕಾಣುತ್ತಂತೆ ಕಣಯ್ಯಾ. ಒಳ್ಳೇದನ್ನೇ ಕಾಣು" ಎಂದು ಹೇಳಿ ಹೋದಳು. ಕೊನೆಗೆ ಅವನು ತಿರೇಸಾಳನ್ನೇ ಹಿಡಿದ.

"ನೀನೇ ಹೇಳಮ್ಮ. ಅದಕ್ಕೆ ನಾನು ಹೇಗೆ ಗೊತ್ತಾಗ್ತೀನಿ?"

"ನೀವು ಅಲ್ಲಾಡಿದರೆ ಗೆರೆ ಅಲ್ಲಾಡುತ್ತೆ, ಮಾವ. ಕೂತು ಅಲ್ಲಾಡಿದರೆ ಒಂಥರ, ಮಲಗಿ ಹೊರಳಿದರೆ ಇನ್ನೊಂಥರ."

ಇಷ್ಟೇ ತಾನೇ ಎನಿಸಿತು ಅವನಿಗೆ. ಹೊರಳದಿದ್ದರಾಯಿತು. ಒಂದು ಸಂಜೆ ಎದ್ದು ಕೂತು ಪ್ರಾರ್ಥನೆ ಮಾಡಿದ್ದರೆ ಮುಗಿದುಹೋಗುತ್ತಿತ್ತು ಎಂದು ನಿಮಗೂ ನನಗೂ ಹೊಳೆಯುತ್ತದೆ. ಆದರೆ ನಿದ್ದೆಯ ರುಚಿ ಹತ್ತಿದವನಿಗೆ ಅಂಥದ್ದೆಲ್ಲ ಹೊಳೆಯುವುದಿಲ್ಲ.

ಸಂಜೆ ಶಂಖ ಊದಲು ಇನ್ನೂ ಸ್ವಲ್ಪ ಹೊತ್ತಿತ್ತು. ರೋಪಾತಿ ಚಾಪೆ ಬಿಚ್ಚಿ, ಅದರ ಅಂಚಿನಲ್ಲಿ ಮಲಗಿ, ತನ್ನನ್ನು ತಾನೇ ಸುತ್ತಿಕೊಳ್ಳುತ್ತ ಎದುರಿನ ಗೋಡೆಯ ತನಕ ಉರುಳಿದ. ಮೂರು ಸುತ್ತು ಬಿಗಿದ ಚಾಪೆಯೊಳಗೆ ಬೆರಳಾಡಿಸಲೂ ಜಾಗವಿರಲಿಲ್ಲ. ಶಂಖ ಊದಿತು. ಮೂಗಿನ ಮೇಲೆ ಸೊಳ್ಳೆ ಕೂತಿತು. ಕೂತಿರಲಿ ಎಂದು ಬಿಟ್ಟ. ಪಕ್ಕದ ಮನೆಗಳಿಂದ ಸ್ತೋತ್ರದ ಹಾಡು ಒಂದರೊಳಗೊಂದು ಬೆರೆತು ಬರುತ್ತಿತ್ತು. ಬರಬರುತ್ತ ಆ ಹಾಡೇ ನೀರಾಯಿತು, ಚಾಪೆ ದೋಣಿಯಾಯಿತು. ದೋಣಿ ಹವಳದ ದಿಣ್ಣೆ ದಾಟಿ, ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯದ ಕಡೆಗೆ ಮೆಲ್ಲಗೆ ಹೋಯಿತು. ಕೆಳಗೆ ಮೀನುಗಳು, ಮೇಲೆ ಮೋಡಗಳು, ಎರಡೂ ಒಂದೇ ಬಣ್ಣ. ಅಲ್ಲಿ ಯಾರೂ ಅವನನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ. ಬದುಕಿನಲ್ಲಿ ಅಷ್ಟು ಸುಖವಾಗಿ ಅವನು ಎಂದೂ ಮಲಗಿರಲಿಲ್ಲ.

ಎರಡನೆಯ ಶಂಖಕ್ಕೆ ಎಚ್ಚರವಾಯಿತು. ಉರುಳಿ ಹೊರಬಂದು ಬಾಗಿಲು ತೆಗೆದರೆ ಎದುರಿಗೆ ನಾಲ್ಕು ಜನ ಗಂಡಸರು ನಿಂತಿದ್ದರು. ಸಭೆಗೆ ಬಾ ಎಂದರು.

ಸಭೆಯ ಮನೆಯಲ್ಲಿ ಊರೇ ನೆರೆದಿತ್ತು. ಸಲಾವೆಯಾ ಅವರು ಕಂಪ್ಯೂಟರನ್ನು ಅವನತ್ತ ತಿರುಗಿಸಿದರು. ಶಂಖದಿಂದ ಶಂಖದ ತನಕ, ಇಪ್ಪತ್ತು ನಿಮಿಷದ ಉದ್ದಕ್ಕೂ ಗೆರೆ ನೆಟ್ಟಗಿತ್ತು.

"ಮನೇಲಿ ಯಾರೂ ಇರಲಿಲ್ಲ ಅಂತಿದೆ ಇದು. 'ಸಾ' ಹೊತ್ತಲ್ಲಿ ಮನೆ ಬಿಟ್ಟು ಎಲ್ಲಿಗೆ ಹೋಗಿದ್ದೆ, ರೋಪಾತಿ?"

ರೋಪಾತಿಗೆ ಅತ್ತ ದರಿ ಇತ್ತ ಪುಲಿ. ಮಲಗಿದ್ದೆ ಎಂದರೆ ಗೋಡೆ ಹೋಗುತ್ತದೆ. ಹೊರಗಿದ್ದೆ ಎಂದರೆ ದಂಡ ಐದು ಹಂದಿಗೇರುತ್ತದೆ, ಮೇಲೆ ಪೆಪೆಗೆ ಉತ್ತರ ಹೇಳಬೇಕು. ಪೆಪೆ ಆಗಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

ಆಶ್ಚರ್ಯವೆಂದರೆ ಅವನನ್ನು ಕಾಪಾಡಿದವಳು ಅಕೆನೆಸೆ. ತಾನು ಸ್ತೋತ್ರ ಹಾಡುತ್ತ ಇಡೀ ಹೊತ್ತು ಅವನ ಬಾಗಿಲನ್ನೇ ನೋಡುತ್ತಿದ್ದೆ, ಒಳಗೆ ಹೋದವನು ಹೊರಗೆ ಬರಲಿಲ್ಲ, ಆ ಮನೆಗೆ ಇನ್ನೊಂದು ಬಾಗಿಲಿಲ್ಲ ಎಂದು ಆಣೆ ಮಾಡಿದಳು. ತನ್ನ ಕಣ್ಣಿಗಿಂತ ಪೆಟ್ಟಿಗೆ ಹೆಚ್ಚೆಂದರೆ ಅವಳು ಒಪ್ಪುತ್ತಾಳೆಯೇ?

ಹಾಗಾದರೆ ಪೆಟ್ಟಿಗೆ ಕೆಟ್ಟಿರಬೇಕು ಎಂದು ಎರಡನ್ನೂ ಸಭೆಯ ಮನೆಗೆ ತರಿಸಿ ಅಲ್ಲಿಯೇ ಪರೀಕ್ಷೆಯಾಯಿತು. ಪಾದ್ರಿಗಳೂ ಹಿರಿಯರೂ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರು. ಗೆರೆ ತಾಳೆಗರಿಯ ಹಾಗೆ ಬಡಿದಾಡಿತು. ಸಲಾವೆಯಾ ಅವರು ಹಿಮ್ಮಡಿ ಕೆರೆದುಕೊಂಡದ್ದು, ಪಾದ್ರಿಗಳು ನೊಣ ಓಡಿಸಿದ್ದು ಒಂದೊಂದೂ ಅದರಲ್ಲಿ ಬಂತು. ಪೆಟ್ಟಿಗೆ ಚೆನ್ನಾಗಿಯೇ ಇತ್ತು.

"ಹಾಗಿದ್ದರೆ ಒಂದೇ ಅರ್ಥ," ಎಂದಳು ತಿರೇಸಾ. "ಮಾವ ಒಳಗಿದ್ದರು. ಇಪ್ಪತ್ತು ನಿಮಿಷ ಒಂದು ಸಲವೂ ಅಲ್ಲಾಡಲಿಲ್ಲ."

"ಮಲಗಿದ್ದನೇನೋ," ಎಂದರು ಯಾರೋ.

"ಇವರಾ?" ಎಂದಳು ಪೆಪೆ. "ಮಲಗಿದರೆ ರಾತ್ರಿಯೆಲ್ಲ ಹೊರಳಾಡಿ ನನ್ನನ್ನು ನೆಲಕ್ಕೆ ತಳ್ಳೋ ಮನುಷ್ಯ. ಮಲಗಿರೋಕೆ ಸಾಧ್ಯವೇ ಇಲ್ಲ."

ಪಾದ್ರಿಗಳು ಎದ್ದು ಬಂದು ರೋಪಾತಿಯ ಗಲ್ಲ ಹಿಡಿದು ನೋಡಿದರು. ಚಾಪೆಯ ಹೆಣಿಗೆ ಕೆನ್ನೆಯ ಮೇಲೆ ಅಚ್ಚೊತ್ತಿತ್ತು. "ಮುಖ ನೆಲಕ್ಕೆ ಹಚ್ಚಿ ಪ್ರಾರ್ಥಿಸಿದ್ದಾನೆ," ಎಂದು ಅವರು ಊರಿನವರತ್ತ ತಿರುಗಿದರು. "ನನಗೇ ಬಾರದ ನಿಶ್ಚಲತೆ ಇವನಿಗೆ ಬಂದಿದೆ. ನಾವು ಇಂಥವನ ಮೇಲೆ ಸಂಶಯಪಟ್ಟೆವಲ್ಲ."

ದಂಡವಿಲ್ಲ, ಏನಿಲ್ಲ. ಮುಖಂಡರು ಕ್ಷಮೆ ಕೇಳಿದರು. ರೋಪಾತಿಗೆ ಹೋದ ಜೀವ ಬಂದಂತಾಯಿತು. ಗೋಡೆ ಉಳಿಯಿತಲ್ಲ ಎಂದು ಮನಸ್ಸಿನಲ್ಲೇ ನಾಳೆಯ ದೋಣಿಗೆ ಕಾಲಿಟ್ಟ.

"ನಾಳೆಯಿಂದ 'ಸಾ' ಹೊತ್ತಿಗೆ ಊರೆಲ್ಲ ಇವನ ಮನೆಯಲ್ಲೇ ಸೇರಲಿ," ಎಂದರು ಪಾದ್ರಿಗಳು. "ಇವನು ಮುಂದೆ ಕೂರಲಿ. ನೋಡಿ ಕಲಿಯೋಣ."

ಎಲ್ಲರೂ ಹೌದೆಂದರು. ಅಕೆನೆಸೆ ಮಾತ್ರ ಕೈಯೆತ್ತಿದಳು. "ಆ ಮನೇಲಿ ಮೂವತ್ತು ಜನ ಹಿಡಿದರೆ ಹೆಚ್ಚು. ಹೊರಗೆ ಕೂತವರಿಗೆ ಇವನು ಕಾಣೋದು ಬೇಡ್ವಾ?"

ಮುಖಂಡರು ಯೋಚಿಸಿದರು. ಅವಳ ಮಾತಿನಲ್ಲಿ ನ್ಯಾಯವಿತ್ತು.

ಮರುದಿನ ಬೆಳಿಗ್ಗೆ ಪಾದ್ರಿಗಳು ಸುತ್ತಿಗೆಗೆ ಆಶೀರ್ವಾದ ಮಾಡಿ ಗೋಡೆಯ ಮೊದಲ ಮೊಳೆ ಕಿತ್ತರು. ಎರಡನೆಯದನ್ನು ಕೀಳುವ ಗೌರವ ರೋಪಾತಿಗೇ ಬಂತು.